ಬೂದ್ಯಾ ಬಂದ ಮಳೆಗಾಲ

ಮೊನ್ನೆ ನರಗುಂದದಲ್ಲಿ ಬಸ್ ಇಳಿದು ಮಗಳ ಮನೆಗೆ ನಡೆದುಹೋಗುತ್ತಿದ್ದೆ. ಮಳೆ ಆಗಷ್ಟೇ ನಿಂತಿತ್ತು. ಹತ್ತಿ ಬಿಡಿಸುವ ಗಿರಣಿಯಾಗಿದ್ದ ಹಳೆಯ ಜಿನ್ನಿನ ಗೋಡೆ ದಾಟುವಾಗ ಒದ್ದೆ ಅರಳೆಯ ವಾಸನೆ ಬಂತು. ಅರಳೆ, ನೂಲು, ಗಂಜಿ, ಇವುಗಳ ವಾಸನೆಯಲ್ಲೇ ಹುಟ್ಟಿ ಬೆಳೆದವನು ನಾನು, ಅದಕ್ಕೆಲ್ಲ ನಿಲ್ಲುವವನಲ್ಲ. ಆದರೆ ಅದರ ಬೆನ್ನಿಗೇ ಬೆಕ್ಕಿನ ಉಚ್ಚೆಯ ಘಾಟು ಬಂತು ನೋಡಿ, ಕಾಲು ತಾವಾಗಿಯೇ ನಿಂತವು. ಕೈಯಲ್ಲಿನ ಚೀಲ ಕೆಳಗಿಟ್ಟೆ. ಹೊಳೆ ಉಕ್ಕಿ ಊರುಗಳು ಮುಳುಗಿದ ಮರುವರ್ಷದ ಆ ಶ್ರಾವಣ ಇಡಿಯಾಗಿ ಎದುರಿಗೆ ಬಂದು ನಿಂತಿತು. ಅದನ್ನು ನೆನೆದರೆ ನನಗೆ ಇವತ್ತಿಗೂ ಮೊದಲು ಬರುವುದು ನಗುವಲ್ಲ, ಗಾಬರಿ. ಹಿಂಗೂ ಆಗುತ್ತದೆಯೇ ಎನ್ನುವ ಗಾಬರಿ.

ನಾನು ಗಜೇಂದ್ರಗಡದ ನೇಕಾರ. ಐದನೇ ಇಯತ್ತೆ ಅರ್ಧಕ್ಕೆ ಬಿಟ್ಟು ಅಪ್ಪನ ಮಗ್ಗದ ಕುಣಿಗೆ ಇಳಿದವನು. ನಮ್ಮದು ಕುಣಿಮಗ್ಗ. ಪಡಸಾಲೆಯ ನೆಲದಲ್ಲಿ ತೋಡಿದ ಕುಣಿಯ ಅಂಚಿಗೆ ಕುಳಿತು, ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತ ನೇಯುವುದು. ನೇಯುವುದು ಪಟ್ಟೇದಂಚಿನ ಸೀರೆ. ಮದುವೆಗೆ ಉಡುವ ಸೀರೆ ಎಂದ ಮೇಲೆ ದಿನ ತಪ್ಪಿಸಬಾರದು. ನಾನು ತಪ್ಪಿಸಿದವನೂ ಅಲ್ಲ. "ಈರಪ್ಪ ಹೇಳಿದ ದಿನಾ ಅಂದ್ರ ಪಂಚಾಂಗ ನೋಡೂದ ಬ್ಯಾಡ" ಎಂದು ಓಣಿಯಲ್ಲಿ ಅನ್ನುತ್ತಿದ್ದರು. ಅದು ನನ್ನ ಕಿವಿಗೆ ಬಿದ್ದಾಗೆಲ್ಲ ಬೆನ್ನು ನೆಟ್ಟಗಾಗುತ್ತಿತ್ತು.

ಆ ವರ್ಷ ಇಲಿ ಕಾಟ ವಿಪರೀತ. ಗಂಜಿ ಹಚ್ಚಿ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳ ಹಾಸು ಎಂದರೆ ಇಲಿಗೆ ಹೋಳಿಗೆ ಊಟ. ಬೆಳಿಗ್ಗೆ ಎದ್ದು ನೋಡಿದರೆ ಎಳೆಗಳು ಕಚ್ಚಿ ಬಿದ್ದಿರುತ್ತಿದ್ದವು. ಬೆಕ್ಕು ಬೇಕು ಎಂದು ನಾನೂ ಅನ್ನುತ್ತಿದ್ದೆ, ನನ್ನ ಹೆಂಡತಿ ಶಾಂತವ್ವನೂ ಅನ್ನುತ್ತಿದ್ದಳು. ಆದರೆ ಅವಳಿಗೆ ಬೇಕಾದದ್ದು ಇಲಿ ಹಿಡಿಯುವುದಕ್ಕಲ್ಲ. ನಮ್ಮ ಒಬ್ಬಳೇ ಮಗಳು ಗಿರಿಜಾ ಮದುವೆಯಾಗಿ ನರಗುಂದಕ್ಕೆ ಹೋದ ಮೇಲೆ, ಶಾಂತವ್ವ ರಾಟೆಯ ಮುಂದೆ ಕುಳಿತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತ ಇಡೀ ದಿನ ಒಂದು ಮಾತೂ ಆಡುತ್ತಿರಲಿಲ್ಲ. ನನ್ನ ಜೊತೆ ಆಡಲಿಕ್ಕೆ ನನ್ನ ಮಗ್ಗ ಎಲ್ಲಿ ಬಿಡುತ್ತಿತ್ತು?

ಗಿರಿಜಾ ಫೋನಿನಲ್ಲಿ ಹೇಳಿದಳು: "ಅಪ್ಪಾ, ಇಲ್ಲೊಬ್ಬರು ರಿಟೈರಾದ ಸಾಲಿ ಅಕ್ಕೋರು ಹಳೇ ಜಿನ್ನಿನ್ಯಾಗ ಬೆಕ್ಕು, ನಾಯಿ ಸಾಕ್ಯಾರ. ಹೊಳಿ ಬಂದಾಗ ಮೆಣಸಗಿ, ಹೊಳೆಮಣ್ಣೂರ ಕಡೆ ಮಾಳಿಗಿ ಮ್ಯಾಲ ಉಳದಿದ್ದವನ್ನೂ ತಂದಾರ. ಬೇಕಾದವರಿಗೆ ಕೊಡ್ತಾರ."

ಕೊಡುತ್ತಾರೆ ಎಂದರೆ ಕೊಡುತ್ತಾರೆ ಎಂದುಕೊಂಡು ಶಾಂತವ್ವನನ್ನು ಕರೆದುಕೊಂಡು ಹೋದೆ. ಜಿನ್ನಿನ ಒಳಗೆ ಹಳೆಯ ಅರಳೆ ಮೂಟೆಗಳ ಮೇಲೆ ಬೆಕ್ಕುಗಳು ಮಲಗಿದ್ದವು. ಒಂದು ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ, ಬೂದಿ ಬಣ್ಣದ ದೊಡ್ಡ ಗಂಡು ಬೆಕ್ಕೊಂದು ಕುಳಿತಿತ್ತು. ಒಂದು ಕಿವಿ ಹರಿದಿತ್ತು. ಅಷ್ಟೊಂದು ಮುದ್ದು ಮರಿಗಳನ್ನು ಬಿಟ್ಟು ಶಾಂತವ್ವ ಅದರ ಹಿಂದೆ ಹೋಗಿ ಕುಳಿತಳು.

"ಅವನ ಹೆಸರು ಬೂದ್ಯಾ. ಮೆಣಸಗ್ಯಾಗ ಒಂದು ಮನಿ ಬಿದ್ದಾಗ ಜಂತಿ ಮ್ಯಾಲ ಕುಂತಿದ್ದ" ಎಂದರು ಅಕ್ಕೋರು. ಆಮೇಲೆ ನನ್ನ ಕಡೆ ತಿರುಗಿ ಪ್ರಶ್ನೆ ಶುರು ಮಾಡಿದರು. ಮನೆಯಲ್ಲಿ ಎಷ್ಟು ಮಂದಿ? ಬಾಗಿಲು ರಸ್ತೆಗಿದೆಯೋ, ಅಂಗಳಕ್ಕೋ? ನಾಯಿ ಇದೆಯೇ? ಊರಿಗೆ ಹೋದರೆ ಅನ್ನ ಹಾಕುವವರು ಯಾರು? ಸಾಲಿ ಬಿಟ್ಟು ಇಷ್ಟು ವರ್ಷವಾದ ಮೇಲೆ ಒಬ್ಬ ಅಕ್ಕೋರ ಮುಂದೆ ಕೈಕಟ್ಟಿ ನಿಂತು ಉತ್ತರ ಹೇಳುತ್ತಿದ್ದೇನೆ ಎಂದು ನನಗೆ ಗೊತ್ತಾಗುವ ಹೊತ್ತಿಗೆ ಅರ್ಧ ಪ್ರಶ್ನೆ ಮುಗಿದಿದ್ದವು. ಕೊನೆಗೆ ಅವರು, "ಮನಿ ನೋಡಬೇಕ್ರಿ ನಾ. ನೋಡಿದ ಮ್ಯಾಲ ಬಿಡತೇನಿ" ಎಂದಾಗ ನನ್ನ ಬಾಯಿ ತೆರೆದದ್ದು ಮುಚ್ಚಲೇ ಇಲ್ಲ.

"ಅಕ್ಕೋರs, ನನ್ನ ಮಗಳನ್ನ ಕೊಡೂವಾಗ ನಾನೂ ಇಷ್ಟು ಕೇಳಿದ್ದಿಲ್ರಿ!"

"ಕೇಳಬೇಕಾಗಿತ್ರಿ" ಎಂದರು ಅವರು. ನಮ್ಮ ಜೊತೆ ಬಂದಿದ್ದ ಗಿರಿಜಾ ಬಾಯಿಗೆ ಸೆರಗು ಹಿಡಿದು ನಕ್ಕಳು.

ಹೇಳಿದ ಹಾಗೆ ಬಂದರು. ರಂಧ್ರಗಳಿದ್ದ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬೂದ್ಯಾನನ್ನೂ ತಂದರು. ನಮ್ಮ ಬಾಗಿಲು, ಕಿಟಕಿ, ಹಿತ್ತಲು ಎಲ್ಲ ನೋಡಿದರು. ಮಗ್ಗದ ಕುಣಿಯಲ್ಲಿ ಬಗ್ಗಿ ಇಣುಕಿದರು. ಚಹಾ ಕುಡಿದು ಹೇಳಿದರು: "ಮನಿ ಚಲೋ ಐತ್ರಿ. ನನಗ ಅಂಜಿಕಿ ಇರೂದು ಈ ಸಪ್ಪಳದ್ದು. ಇವನ್ನ ಮೊದಲು ಎರಡು ಮನಿಗೆ ಕೊಟ್ಟಿದ್ದೆ. ಎರಡೂ ಕಡೆ ಅನ್ನ ಬಿಟ್ಟ, ವಾಪಸ್ ತಂದೆ. ಹೋದ ಸಲ ಉಳಿದದ್ದs ಹೆಚ್ಚು. ಬೆಕ್ಕು ನಮ್ಮಂಗ ಉಪಾಸ ತಡಕೊಳ್ಳಂಗಿಲ್ರಿ. ಮೂರು ದಿನ ಏನೂ ತಿನ್ನಲಿಲ್ಲ ಅಂದ್ರ ಒಳಗ ಲಿವರ್ ಕೆಡತೈತಿ, ಆಮ್ಯಾಲ ಡಾಕ್ಟರ ಕೈಯಾಗೂ ಇರಂಗಿಲ್ಲ. ಅವನ್ನ ಎತ್ತಬ್ಯಾಡ್ರಿ, ಹುಡುಕಬ್ಯಾಡ್ರಿ, ದಿಟ್ಟಿಸಿ ನೋಡಬ್ಯಾಡ್ರಿ. ತಾನs ಬರತಾನ. ಬರಲಿಲ್ಲ ಅಂದ್ರ ಫೋನ್ ಮಾಡ್ರಿ."

ಹೋಗುವ ಮುಂಚೆ ಇನ್ನೊಂದು ಹೇಳಿದರು. ಹಾಲು ಅವನಿಗೆ ಒಗ್ಗುವುದಿಲ್ಲ, ಬೇಯಿಸಿದ ಕೋಳಿತತ್ತಿ ಇಷ್ಟ. ನಮ್ಮದು ಕೊರಳಲ್ಲಿ ಲಿಂಗವಿರುವ ಮನೆ. ತತ್ತಿ ನಮ್ಮ ಹೊಸ್ತಿಲು ದಾಟಿದ್ದಿಲ್ಲ. ಶಾಂತವ್ವ ನನ್ನ ಮುಖ ನೋಡದೆ, "ಆತ್ರಿ ಅಕ್ಕೋರs" ಎಂದುಬಿಟ್ಟಳು. ಮದುವೆಯಾದಾಗಿನಿಂದ ನನ್ನ ಮುಖ ನೋಡದೆ ಅವಳು ಒಪ್ಪಿದ ಮೊದಲ ಮಾತು ಅದು.

ಅಕ್ಕೋರು ಬಸ್ಸಿಗೆ ಹೋದರೋ ಇಲ್ಲವೋ, ಪಕ್ಕದ ಮನೆಯ ಬಸಮ್ಮತ್ತಿ ಬಂದಳು. ಓಣಿಯ ಹಿರಿಯಳು. ಹುಟ್ಟು, ಸಾವು, ಮದುವೆ, ಯಾವುದೂ ಅವಳಿಲ್ಲದೆ ಆಗುವುದಿಲ್ಲ.

"ಬೆಕ್ಕು ತಂದು ಹಂಗs ಇಟ್ಟೀರಿ? ಒಲಿ ಸುತ್ತ ತಿರಗಸಬೇಕs ಹುಚ್ಚವ್ವಾ! ಒಲಿ ತೋರಿಸಲಿಲ್ಲ ಅಂದ್ರ ಅದಕ್ಕ ಮನಿ ಹ್ಯಾಂಗ ಗೊತ್ತಾಗಬೇಕು?"

"ಅತ್ತೀ, ಎತ್ತಬ್ಯಾಡ ಅಂತ ಹೇಳ್ಯಾರ..." ಎಂದು ಶಾಂತವ್ವ ಅನ್ನುತ್ತಿರುವಾಗಲೇ ಬಸಮ್ಮತ್ತಿ ಬುಟ್ಟಿ ತೆರೆದು ಬೂದ್ಯಾನನ್ನು ಎರಡೂ ಕೈಯಿಂದ ಎತ್ತಿದ್ದಳು. ಒಲೆಯಲ್ಲಿ ಉರಿ ಇತ್ತು. ಅಷ್ಟೇ. ಬೂದಿ ಬಣ್ಣದ್ದೊಂದು ಸಿಡಿಲು ಅಡುಗೆಮನೆಯಿಂದ ಪಡಸಾಲೆಗೆ ಹಾರಿತು. ರಾಟೆ ಉರುಳಿತು. ಹಾಸಿನ ಮೇಲೆ ಉಗುರೂರಿ ಓಡಿ, ರೋಣದ ಗಿರಾಕಿಗಳು ಹೇಳಿದ್ದ ಮದುವೆ ಸೀರೆಯ ಎಳೆಗಳನ್ನು ಪಟಪಟ ಹರಿದು, ಮಗ್ಗದ ಕುಣಿಗೆ ಬಿದ್ದು, ಹಲಗೆಗಳ ಹಿಂದಿನ ಗೂಡಿನಲ್ಲಿ ಮರೆಯಾಯಿತು. ಬಸಮ್ಮತ್ತಿಯ ಮುಂಗೈಯಿಂದ ರಕ್ತ ಇಳಿಯುತ್ತಿತ್ತು.

"ಒಲಿ ನೋಡೇತಿ ಬಿಡು" ಎಂದಳು ಆಕೆ, ಅರಿಷಿಣ ಒತ್ತಿಕೊಳ್ಳುತ್ತ.

ನಾನು ಹರಿದ ಎಳೆಗಳನ್ನು ಗಂಟು ಹಾಕುತ್ತ ಕುಳಿತೆ. ಸಿಟ್ಟು ನೆತ್ತಿಗೇರಿತ್ತು. ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು ಎಂದುಕೊಂಡು ಮಾರನೆಯ ದಿನ ಕುಣಿಗೆ ಕಾಲಿಟ್ಟೆ. ಹಲಗೆ ತುಳಿದೆ. ಲಾಳಿ ಒಗೆದೆ, ಎಳೆ ಕೂಡಿಸಲು ಹಣಿಗೆ ಬಡಿದೆ. ಒಂದು ಬಡಿತಕ್ಕೆ ಕೆಳಗಿನಿಂದ ಹಲಗೆ ನಡುಗಿತು. ಮಗ್ಗದ ನಡುಕ ನನಗೆ ಗೊತ್ತು, ಇದು ಅದಲ್ಲ. ಹಲಗೆಗೆ ಒತ್ತಿಕೊಂಡಿದ್ದ ಆ ಜೀವ ನಡುಗುತ್ತಿತ್ತು, ಅದು ನನ್ನ ಅಂಗಾಲಿಗೆ ಬರುತ್ತಿತ್ತು. ಇನ್ನೊಂದು ಬಡಿದೆ. ಮತ್ತೆ ನಡುಕ. ಹೊಳೆ ನೀರಿನಲ್ಲಿ ಮನೆ ಬೀಳುವಾಗ ಎಂಥ ಸಪ್ಪಳವಾಗಿತ್ತೋ ಎಂದು ಬೇಡದ ಯೋಚನೆ ತಲೆಗೆ ಬಂತು. ಅದನ್ನು ಕೊಡವಿ ಸಂಜೆಯವರೆಗೂ ನೇಯ್ದೆ, ಆದರೆ ಅಂಥ ಕೆಟ್ಟ ಸೆರಗನ್ನು ನನ್ನ ಕೈ ಯಾವತ್ತೂ ನೇಯ್ದಿರಲಿಲ್ಲ.

ಶಾಂತವ್ವ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಬೇರೆ ಪಾತ್ರೆಯಲ್ಲಿ ತತ್ತಿ ಬೇಯಿಸಿದಳು. ಚೂರು ಮಾಡಿ ಬಟ್ಟಲಲ್ಲಿ ಹಾಕಿ ಕುಣಿಯ ಅಂಚಿಗಿಟ್ಟಳು. ಅದರ ಪಕ್ಕ ಮೊಸರನ್ನ. ಅದರ ಪಕ್ಕ ಅಕ್ಕೋರು ಕೊಟ್ಟ ಒಣ ಕಾಳು. ಬೂದ್ಯಾ ಏನನ್ನೂ ಮೂಸಲಿಲ್ಲ. ನೀರು ಮಾತ್ರ ಒಂದಿಷ್ಟು ಇಳಿದಿತ್ತು. ಮಳೆಯಲ್ಲಿ ಹಿತ್ತಲಿಗೂ ಪಡಸಾಲೆಗೂ ಓಡಾಡಿ ಶಾಂತವ್ವನಿಗೆ ಜ್ವರ ಬಂತು. ಅವಳು ಓಣಿಯಲ್ಲಿ ಕಾಣಲೇ ಇಲ್ಲ. ನೀರು ತರಲು ನಾನೇ ನಳದ ಕಡೆ ಹೋದೆ. ಜ್ವರ ಎಂದು ಓಣಿಗೆಲ್ಲ ಗೊತ್ತಾಯಿತು.

ಮೂರನೆಯ ದಿನ ಬೆಳಿಗ್ಗೆ ಅವಳು ಕಂಬಳಿ ಹೊದ್ದು ಕುಣಿಯ ಪಕ್ಕ ಕುಳಿತಿದ್ದಳು. "ಕಣ್ಣು ಒಳಗ ಹೋಗ್ಯಾವ್ರೀ ಅದರವು. ಇವತ್ತೂ ತಿನ್ನಲಿಲ್ಲ ಅಂದ್ರ ಸಂಜಿಗೆ ಅಕ್ಕೋರಿಗೆ ಫೋನ್ ಮಾಡಬೇಕು. ಇಲ್ಲಿಂದ ಒಯ್ದರ ಅದು ಇನ್ನ ಯಾರ ಮನ್ಯಾಗೂ ಉಣ್ಣಂಗಿಲ್ಲ. ನನಗ ಗೊತ್ತೈತಿ."

ನಾನು ಕುಣಿಗೆ ಇಳಿಯಲು ಧೋತರ ಎತ್ತಿ ಕಟ್ಟಿದ್ದೆ. ಅವಳು ನನ್ನನ್ನು ತಡೆಯಲಿಲ್ಲ. ತಡೆದಿದ್ದರೆ ಇಳಿಯುತ್ತಿದ್ದೆನೋ ಏನೋ. ನಾನು ಕಟ್ಟಿದ್ದನ್ನು ಬಿಚ್ಚಿ, ಲಾಳಿ ಎತ್ತಿ ಗೂಟಕ್ಕೆ ಸಿಕ್ಕಿಸಿದೆ. ರೋಣದವರಿಗೆ ಫೋನ್ ಮಾಡಿ, ಸೀರೆ ಎರಡು ದಿನ ತಡವಾಗುತ್ತದೆ ಎಂದೆ. ಯಾಕೆ ಎಂದರು. "ಮನ್ಯಾಗ ಒಬ್ಬರಿಗೆ ಆರಾಮಿಲ್ರಿ" ಎಂದೆ. ಫೋನ್ ಇಟ್ಟ ಮೇಲೆ ಅದು ನನ್ನದೇ ದನಿ ಎಂದು ನಂಬಲು ಹೊತ್ತು ಹಿಡಿಯಿತು.

ಇಲ್ಲಿ ನಮ್ಮ ಓಣಿಯ ಒಂದು ರೀತಿ ಹೇಳಬೇಕು. ನಮ್ಮಲ್ಲಿ ಮಗ್ಗಕ್ಕೆ ರಜೆ ಅಮಾವಾಸ್ಯೆಗೆ. ಉಳಿದ ದಿನ ಬೆಳಗಾದರೆ ಎಲ್ಲ ಮನೆಯಿಂದ ಸಪ್ಪಳ ಬರಲೇಬೇಕು. ಅಮಾವಾಸ್ಯೆಯಲ್ಲದ ದಿನ, ಅದೂ ಬೆಳಗಿನ ಹೊತ್ತು, ಒಂದು ಮನೆಯ ಮಗ್ಗ ನಿಂತಿತೆಂದರೆ ಆ ಮನೆಯಲ್ಲಿ ಹೆಣ ಕೂಡಿಸಿದ್ದಾರೆ ಎಂದರ್ಥ. ಆ ಮನೆಯ ಬಾಗಿಲಲ್ಲಿ ಅಳುವ ದನಿ ಎದ್ದರೆ ಓಣಿಯ ಅಷ್ಟೂ ಮಗ್ಗಗಳು ನಿಲ್ಲುತ್ತವೆ. ಮಣ್ಣು ಮಾಡಿ ಬಂದು, ಆ ಮನೆಯವರು ತಮ್ಮ ಮಗ್ಗದಲ್ಲಿ ಒಂದು ಎಳೆ ಹೊಡೆದ ಮೇಲೆಯೇ ಉಳಿದವರು ಲಾಳಿ ಮುಟ್ಟುವುದು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ನನಗೂ ಗೊತ್ತಿತ್ತು. ಆದರೆ ಆ ಬೆಳಿಗ್ಗೆ ನನ್ನ ತಲೆಯಲ್ಲಿ ಬೆಕ್ಕೊಂದೇ ಇತ್ತು.

ಬಾಗಿಲು ಮುಂದೆ ಮಾಡಿ ಇಬ್ಬರೂ ಗೋಡೆಗೆ ಒರಗಿ ಕುಳಿತಿದ್ದೆವು. ಎಡಕ್ಕೆ ಬಲಕ್ಕೆ ಎಲ್ಲ ಮನೆಗಳ ಮಗ್ಗ ಬಡಿಯುತ್ತಲೇ ಇದ್ದವು. ನನ್ನದೊಂದು ನಿಂತು ಏನು ಪ್ರಯೋಜನ? ಕುಣಿಯಲ್ಲಿ ಬೂದ್ಯಾನ ಬೆನ್ನು ಪ್ರತಿ ಬಡಿತಕ್ಕೂ ಬೆದರುತ್ತಿತ್ತು.

ಇದ್ದಕ್ಕಿದ್ದಂತೆ ಹೊರಗೆ ದನಿ ಎದ್ದಿತು.

"ಎಲ್ಲಿ ಹ್ವಾದೆವ್ವಾ ನನ ಶಾಂತವ್ವಾ! ಜ್ವರಾ ಅಂತ ಮಲಗಿದಾಕಿ ಹಂಗs ಹ್ವಾದೆವ್ವಾ! ಕಂಡಿಕಿ ಸುತ್ತೂ ಕೈ ಎಲ್ಲಿ ಇಟ್ಟಿವ್ವಾ! ಮೊನ್ನಿ ನನ್ನ ಕಡಿಂದ ಒಯ್ದ ಹಿತ್ತಾಳಿ ಪರಾತ ಯಾರ ಕೈಯಾಗ ಇಟ್ಟಿವ್ವಾ!"

ಬಸಮ್ಮತ್ತಿ. ನಮ್ಮ ಹೊಸ್ತಿಲ ಮೇಲೆ ಕುಳಿತು ಎದೆ ಬಡಿದುಕೊಂಡು ಹಾಡಿ ಅಳುತ್ತಿದ್ದಾಳೆ. ನನ್ನ ಪಕ್ಕದಲ್ಲಿ ಶಾಂತವ್ವ ಜೀವಂತ ಕುಳಿತಿದ್ದಾಳೆ, ಹೊರಗೆ ಅವಳ ಹೆಸರು ಹಿಡಿದು ಅಳುತ್ತಿದ್ದಾರೆ! ಒಂದು ಗಳಿಗೆ ನಾನು ತಿರುಗಿ ಅವಳ ಕೈ ಮುಟ್ಟಿ ನೋಡಿದೆ. ಜ್ವರದ ಬಿಸಿ ಇತ್ತು. ಆ ಬಿಸಿಯಿಂದ ನನಗೆ ಆದ ಸಮಾಧಾನ ಇನ್ನಾವ ಬಿಸಿಯಿಂದಲೂ ಆಗಿಲ್ಲ.

ಶಾಂತವ್ವ ಎದ್ದು ಬಾಗಿಲು ತೆರೆದು, ತುಟಿಯ ಮೇಲೆ ಬೆರಳಿಟ್ಟಳು. "ಶ್! ಅತ್ತೀ, ಸುಮ್ಕಿರು. ಬೂದ್ಯಾ ಅಂಜತೈತಿ."

ಬಸಮ್ಮತ್ತಿಯ ಎತ್ತಿದ ಕೈ ಎತ್ತಿದ ಹಾಗೆಯೇ ಉಳಿಯಿತು. "ನೀ... ನೀ ಅದಿಯೇನs?"

"ಅದೇನಿ."

"ಹಂಗಾರ ಈರಪ್ಪ?"

"ಅವರೂ ಅದಾರ. ಒಳಗ ಕುಂತಾರ."

"ಮತ್ತ ಸತ್ತಾವ್ರು ಯಾರs ಎವ್ವಾ?"

"ಯಾರೂ ಸತ್ತಿಲ್ಲ ಅತ್ತೀ. ಬೆಕ್ಕು ಉಣವಲ್ದು."

ಅಷ್ಟರಲ್ಲಿ ತಲೆಗೆ ಟವೆಲ್ ಕಟ್ಟಿಕೊಂಡ ಗಂಡಸರು ನಮ್ಮ ಬಾಗಿಲಿಗೆ ಬಂದು ನಿಂತಿದ್ದರು. ಎದುರು ಮನೆಯ ಮಲ್ಲಪ್ಪ ಮುಂದಿದ್ದ. ನನ್ನ ವಾರಿಗೆಯವನು, ಒಂದೇ ವರ್ಷ ಇಬ್ಬರೂ ಮಗ್ಗಕ್ಕೆ ಕೂತವರು. ಅವನ ಕಣ್ಣು ಒದ್ದೆಯಾಗಿದ್ದವು. ಆ ಒದ್ದೆ ಕಣ್ಣಿನಲ್ಲೇ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ.

"ಬೆಕ್ಕಿನ ಸಲುವಾಗಿ ಮಗ್ಗಾ ನಿಲ್ಲಿಸಿಯೇನೋ ಈರಪ್ಪಾ? ಮಗಳನ್ನ ಗಂಡನ ಮನಿಗೆ ಕಳಿಸಿದ ದಿನಾನೂ ಮಧ್ಯಾಹ್ನಕ್ಕ ಕುಣಿಗೆ ಇಳದಾವ ನೀ!"

ಏನು ಹೇಳಬೇಕು? ಓಣಿಯಲ್ಲಿ ತಲೆ ಎತ್ತಿ ನಡೆದವನು ನಾನು. ನನ್ನ ಮನೆಯಲ್ಲಿ ಒಂದು ಬೆಕ್ಕಿಗಾಗಿ ಮಗ್ಗ ನಿಂತಿದೆ, ಬಟ್ಟಲಲ್ಲಿ ತತ್ತಿ ಇದೆ, ಹೊಸ್ತಿಲಲ್ಲಿ ಬದುಕಿದ್ದವಳ ಮೇಲೆ ಹಾಡಿ ಅಳುವುದು ಆಗಿಹೋಗಿದೆ. ನೆಲ ಬಿರಿಯಬಾರದೇ ಎನ್ನಿಸಿತು.

ಆಗ ನನಗೆ ಕೇಳಿಸಿತು. ಕೇಳಿಸಿತು ಎಂದರೆ, ಏನೂ ಕೇಳಿಸಲಿಲ್ಲ. ಬಸಮ್ಮತ್ತಿಯ ಅಳು ಕೇಳಿ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಈ ತುದಿಯಿಂದ ಆ ತುದಿಯವರೆಗೆ ಒಂದು ಹಣಿಗೆಯ ಬಡಿತವಿಲ್ಲ. ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ತೆಗೆಯಲು ನಿಲ್ಲಿಸಿದ ದೊಡ್ಡ ಫ್ಯಾನುಗಳು ತಿರುಗುವ ಗುಂಯ್ ಸದ್ದು ನಮ್ಮ ಪಡಸಾಲೆಗೆ ಕೇಳುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಸೂರಿನಿಂದ ಹನಿ ಬೀಳುವುದು ಕೇಳುತ್ತಿತ್ತು. ಬಸಮ್ಮತ್ತಿ ಮೂಗು ಎಳೆದುಕೊಂಡದ್ದು ಕೇಳಿತು.

ಶಾಂತವ್ವ ನನ್ನ ತೋಳು ಹಿಡಿದಳು. ಕುಣಿಯ ಅಂಚಿನ ಮೇಲೆ ಒಂದು ಹರಿದ ಕಿವಿ ಕಾಣಿಸಿತು.

ಯಾರೂ ಅಲುಗಾಡಲಿಲ್ಲ. ಮಲ್ಲಪ್ಪ ಒಂದು ಕಾಲು ಹೊಸ್ತಿಲ ಒಳಗೆ ಇಟ್ಟವನು ಇಟ್ಟ ಹಾಗೆಯೇ ನಿಂತ. ತಲೆ ಮೇಲೆ ಬಂತು. ಆಮೇಲೆ ಮುಂಗಾಲು. ಬೂದ್ಯಾ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿತು. ನಾನು ಅಕ್ಕೋರ ಮಾತು ನೆನೆದು ಮುಖ ತಿರುಗಿಸಿದೆ. ನಾನು ತಿರುಗಿಸಿದ್ದು ನೋಡಿ ಬಾಗಿಲಲ್ಲಿದ್ದ ಗಂಡಸರೆಲ್ಲ ಮುಖ ತಿರುಗಿಸಿ ಓಣಿಯ ಕಡೆ ನೋಡುತ್ತ ನಿಂತರು. ಹಾಗಾಗಿ ಬೂದ್ಯಾ ಮೊದಲ ತುತ್ತು ತಿಂದದ್ದನ್ನು ಯಾರೂ ಕಣ್ಣಾರೆ ನೋಡಲಿಲ್ಲ. ಬಟ್ಟಲು ನೆಲಕ್ಕೆ ತಾಗಿದ ಸಣ್ಣ ಟಿಕ್, ಆಮೇಲೆ ನಾಲಿಗೆಯ ಸದ್ದು, ಅಷ್ಟು ಕೇಳಿದೆವು.

"ಉಂಡಾನೇನೋ?" ಎಂದು ಮಲ್ಲಪ್ಪ ಪಿಸುಗುಟ್ಟಿದ.

ಶಾಂತವ್ವ ಹೌದೆಂದು ತಲೆದೂಗಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು.

"ಏನs ಅದು ವಾಸನಿ? ತತ್ತಿ ಅಲ್ಲೇನು?" ಎಂದು ಬಸಮ್ಮತ್ತಿ ಅಷ್ಟೇ ಸಣ್ಣ ದನಿಯಲ್ಲಿ ಕೇಳಿದಳು. ಉತ್ತರಕ್ಕೆ ಕಾಯದೆ, "ಉಣ್ಣಲಿ ಬಿಡು, ಆಮ್ಯಾಲ ಮಾತಾಡೂಣು" ಎಂದಳು.

ಬಂದವರು ತುದಿಗಾಲಲ್ಲಿ ಕಟ್ಟೆಗೆ ಹೋಗಿ ಕುಳಿತರು. ಈಗ ಎಲ್ಲರೂ ಎದ್ದು ಹೋಗಿ ನಗುತ್ತ ಮಗ್ಗ ಹಚ್ಚುತ್ತಾರೆ ಎಂದುಕೊಂಡೆ. ಯಾರೂ ಹೋಗಲಿಲ್ಲ. ಮಲ್ಲಪ್ಪ ಎಲೆ ಅಡಿಕೆ ತೆಗೆದ. ನನಗೆ ತಡವಾಗಿ ಹೊಳೆಯಿತು. ನನ್ನ ಬಾಗಿಲಲ್ಲಿ ಅಳು ಎದ್ದಿದೆ. ತಪ್ಪಿ ಎದ್ದದ್ದೇ ಇರಲಿ, ಎದ್ದದ್ದು ಎದ್ದಿದೆ. ನನ್ನ ಮಗ್ಗದಲ್ಲಿ ಒಂದು ಎಳೆ ಬೀಳುವವರೆಗೆ ಓಣಿಯಲ್ಲಿ ಯಾರೂ ಲಾಳಿ ಮುಟ್ಟುವುದಿಲ್ಲ.

ನಾನು ಹೊರಗೆ ಬಂದು, "ಮಲ್ಲಪ್ಪಾ, ನೀವು ಹಚ್ಚರ್ಯೋ. ಇದೇನು ಖರೇ ಸಾವಲ್ಲ" ಎಂದೆ.

"ಅಳು ಖರೇನs ಇತ್ತಲ್ಲೋ. ನಾನೂ ಅತ್ತೇನಿ" ಎಂದ ಅವನು. "ನಿನ್ನ ಬೆಕ್ಕು ಹೊಟ್ಟಿ ತುಂಬ ಉಣ್ಣಲಿ. ನಮಗೂ ಒಂದಿನಾ ಬೆನ್ನು ಚಾಚೂದು ಸಿಗತೈತಿ. ಆದ್ರ ನೀ ಹೊಡಿಯೂಮಟಾ ನಾವು ಹೊಡಿಯಂಗಿಲ್ಲ."

ಎಲ್ಲರ ಒಂದು ದಿನದ ಕೂಲಿ ನುಂಗಿದ ಬೂದ್ಯಾ ನನ್ನ ಪಡಸಾಲೆಯಲ್ಲಿ ಕುಳಿತು ಮೀಸೆ ನೆಕ್ಕಿಕೊಳ್ಳುತ್ತಿತ್ತು. ಈಗ ಹೊಡೆದರೆ ಅದು ಮತ್ತೆ ಕುಣಿಗೆ ಬೀಳುತ್ತದೆ, ಮತ್ತೆ ಅನ್ನ ಬಿಡುತ್ತದೆ. ಹೊಡೆಯದಿದ್ದರೆ ಓಣಿ ಕುಳಿತೇ ಇರುತ್ತದೆ. ಯಾರ ಮುಂದೆಯೂ ಕೈಚಾಚದ ನಾನು ಆ ದಿನ ಇಡೀ ಓಣಿಯಿಂದ ಹೊತ್ತನ್ನು ಬೇಡಿ ಪಡೆದೆ. ಬೇಡಿದೆ ಎಂದು ಬಾಯಿಬಿಟ್ಟು ಹೇಳಲೂ ಇಲ್ಲ, ಅವರು ಕೊಟ್ಟರು. ಮಧ್ಯಾಹ್ನ ಬಸಮ್ಮತ್ತಿಯೇ ಸಾವಿನ ಮನೆಗೆ ತರುವಂತೆ ರೊಟ್ಟಿ ಪಲ್ಯ ಕಟ್ಟಿಕೊಂಡು ಬಂದಳು. "ಒಲಿ ಹಚ್ಚಿದ್ರ ಅದಕ್ಕ ಮತ್ತ ಅಂಜಿಕಿ" ಎಂದಳು. ಪರಾತವನ್ನೂ ಕೇಳಿ ಒಯ್ದಳು.

ಇಳಿಹೊತ್ತಿಗೆ ಬೂದ್ಯಾ ಶಾಂತವ್ವನ ಕಂಬಳಿಯ ತುದಿಯಲ್ಲಿ ಮಲಗಿತ್ತು. ಮೈ ಚಾಚಿ ಮಲಗಿತ್ತು, ಮುದುಡಿಕೊಂಡಲ್ಲ. ಶಾಂತವ್ವ ನನ್ನ ಕಡೆ ನೋಡಿ ಕಣ್ಣಲ್ಲೇ ಹೂಂ ಎಂದಳು.

ನಾನು ಕುಣಿಗೆ ಇಳಿದೆ. ಮೊದಲ ಸಲ ಮಗ್ಗಕ್ಕೆ ಕೂತ ಹುಡುಗನ ಹಾಗೆ ಕೈಯನ್ನು ಧೋತರಕ್ಕೆ ಒರೆಸಿಕೊಂಡೆ. ಲಾಳಿ ಒಗೆದೆ. ಹಣಿಗೆಯನ್ನು ಬಡಿಯಲಿಲ್ಲ, ಎಳೆದು ಮೆಲ್ಲಗೆ ಒತ್ತಿದೆ. ಬೂದ್ಯಾ ತಲೆ ಎತ್ತಿತು. ಕಿವಿ ಹಿಂದಕ್ಕೆ ಹೋದವು. ನಾನು ಹಣಿಗೆಯನ್ನು ಒತ್ತಿ ಹಿಡಿದೇ ಕುಳಿತೆ. ಅದು ಕುಣಿಯ ಕಡೆ ನೋಡಿತು, ನನ್ನ ಕಡೆ ನೋಡಿತು.

ಎದುರು ಮನೆಯಿಂದ ಮಲ್ಲಪ್ಪನ ಮಗ್ಗ ಒಂದು ಸಲ ಬಡಿಯಿತು. ಅವನೂ ಮೆಲ್ಲಗೆ. ಅದರಾಚೆಯ ಮನೆ. ಅದರಾಚೆ. ಒಂದೊಂದೇ ಮನೆ ಎಳೆ ಹೊಡೆಯುತ್ತ ಹೋಯಿತು, ಓಣಿಯ ತುದಿ ಮುಟ್ಟಿ ಸಪ್ಪಳ ತಿರುಗಿ ನಮ್ಮ ಕಡೆ ಬರುವಷ್ಟರಲ್ಲಿ ಎಂದಿನ ಜೋರು ಬಂದಿತ್ತು. ಮನೆಯ ನೆಲ ಅದುರುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಈಗ ಹಾರುತ್ತದೆ, ನನ್ನ ಕಾಲ ಮೇಲೆಯೇ ಬಂದು ಬೀಳುತ್ತದೆ ಎಂದುಕೊಂಡೆ.

ಕಾಲ ಮೇಲೆ ಏನೂ ಬೀಳಲಿಲ್ಲ.

"ನೋಡ್ರಿಲ್ಲೆ" ಎಂದಳು ಶಾಂತವ್ವ.

ಕಣ್ಣು ತೆರೆದೆ. ಅಷ್ಟು ಸಪ್ಪಳದ ನಡುವೆ ಬೂದ್ಯಾ ಎದ್ದು, ಬೆನ್ನು ಬಿಲ್ಲು ಮಾಡಿ ಮೈ ಮುರಿದು, ಯಾರ ಅಪ್ಪಣೆಯನ್ನೂ ಕೇಳದೆ ಪಡಸಾಲೆ ದಾಟಿ ಅಡುಗೆಮನೆಗೆ, ಒಲೆಯ ಕಡೆಗೆ ಹೋಗುತ್ತಿತ್ತು. ಶಾಂತವ್ವ ಖಾಲಿ ಬಟ್ಟಲು ಹಿಡಿದು ಅದರ ಹಿಂದೆ ಓಡಿದಳು.